ಗ್ರೀನ್ ಕಾರ್ಡ್ ಕ್ಯೂ: 2013ರಲ್ಲೇ ನಿಂತಿರುವ ಕ್ಯಾಲೆಂಡರ್

ಅಮೆರಿಕದ ವಿದೇಶಾಂಗ ಇಲಾಖೆ ಪ್ರತಿ ತಿಂಗಳು ‘ವೀಸಾ ಬುಲೆಟಿನ್’ ಅಂತ ಒಂದು ಪಟ್ಟಿ ಹೊರಡಿಸುತ್ತದೆ. ನೋಡೋಕೆ ಬಸ್ ಸ್ಟ್ಯಾಂಡಿನ ವೇಳಾಪಟ್ಟಿ ಥರ ಇರುತ್ತೆ. ಅಡ್ಡಸಾಲಿನಲ್ಲಿ ವೀಸಾ ವರ್ಗಗಳು, ಮೇಲೆ ದೇಶಗಳ ಹೆಸರು, ನಡುವೆ ಬರೀ ದಿನಾಂಕಗಳು. 2025ರ ಸೆಪ್ಟೆಂಬರ್ ಬುಲೆಟಿನ್‌ನಲ್ಲಿ ಇಬಿ-2 ಎಂಬ ವರ್ಗದಲ್ಲಿ ಭಾರತದ ಕೆಳಗೆ ಇದ್ದ ದಿನಾಂಕ 2013ರ ಜನವರಿ 1.

ಅಂದ್ರೆ, ಅದಕ್ಕಿಂತ ಮೊದಲು ಸಾಲಿಗೆ ಬಂದು ನಿಂತ ಭಾರತೀಯರಿಗೆ ಮಾತ್ರ ಆ ತಿಂಗಳು ಗ್ರೀನ್ ಕಾರ್ಡ್ ಸಿಗಬಹುದು. ಉಳಿದವರು ಕಾಯಬೇಕು. ಆ ದಿನ ಕರ್ನಾಟಕದಲ್ಲಿ ಜಗದೀಶ್ ಶೆಟ್ಟರ್ ಮುಖ್ಯಮಂತ್ರಿಯಾಗಿದ್ದರು. ಸಿದ್ದರಾಮಯ್ಯನವರು ಮೊದಲ ಸಲ ಮುಖ್ಯಮಂತ್ರಿ ಆಗೋಕೂ ಇನ್ನೂ ನಾಲ್ಕೂವರೆ ತಿಂಗಳು ಬಾಕಿ ಇತ್ತು. ಇಲ್ಲಿ ಅಷ್ಟೆಲ್ಲ ಸರ್ಕಾರಗಳು ಬಂದು ಹೋದವು, ಅಲ್ಲಿ ಕ್ಯಾಲೆಂಡರ್ ಹಾಳೆ ತಿರುಗಿಲ್ಲ.

ನಾನು ಇಂಜಿನಿಯರಿಂಗ್ ಓದಿದವನು. ನನ್ನ ಬ್ಯಾಚಿನ ವಾಟ್ಸಾಪ್ ಗ್ರೂಪ್‌ನಲ್ಲಿ ಪ್ರತಿ ತಿಂಗಳು ಒಂದು ದಿನ ಕ್ರಿಕೆಟ್, ರಾಜಕೀಯ ಎಲ್ಲ ಬದಿಗೆ ಸರಿದು ಈ ಬುಲೆಟಿನ್‌ನ ಸ್ಕ್ರೀನ್‌ಶಾಟ್ ಬರುತ್ತದೆ. ‘ಮೂವ್ ಆಯ್ತಾ?’ ಅಂತ ಒಬ್ಬ ಕೇಳ್ತಾನೆ, ‘ಇಲ್ಲ ಮಗಾ’ ಅಂತ ಇನ್ನೊಬ್ಬ. ಊರಲ್ಲಿರುವ ನಮ್ಮಂಥವರಿಗೆ ಇದು ಅರ್ಥವಾಗುವುದು ಕಷ್ಟ. ‘ಹತ್ತು ವರ್ಷದಿಂದ ಅಲ್ಲಿದ್ದಾನೆ, ಮನೆ ತಗೊಂಡಿದ್ದಾನೆ, ಮಕ್ಕಳು ಅಲ್ಲೇ ಹುಟ್ಟಿದಾರೆ, ಇನ್ನೂ ಪರ್ಮನೆಂಟ್ ಆಗಿಲ್ವಂತಾ?’ ಅಂತ ಅವರ ಅಪ್ಪ ಅಮ್ಮನೇ ಕೇಳುತ್ತಾರೆ. ಆಗಿಲ್ಲ. ಯಾಕೆ ಆಗಿಲ್ಲ, ಅದರಲ್ಲಿ ನಮ್ಮ ಇಲ್ಲಿನ ರಾಜಕಾರಣಕ್ಕೆ ಏನು ಪಾಠ ಇದೆ ಅಂತ ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶ.

ಅರ್ಜಿ ಹಾಕುವುದು ಯಾರು?

ಮೊದಲ ತಪ್ಪು ಕಲ್ಪನೆ ಇಲ್ಲೇ ಇದೆ. ಗ್ರೀನ್ ಕಾರ್ಡ್‌ಗೆ ನಾವೇ ಅರ್ಜಿ ಹಾಕುತ್ತೇವೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಐಟಿ ಕೆಲಸಕ್ಕೆ ಹೋದವರಲ್ಲಿ ಹೆಚ್ಚಿನವರ ವಿಷಯದಲ್ಲಿ ಅರ್ಜಿದಾರ ಕಂಪನಿ. ಕೆಲಸಗಾರ ಆ ಅರ್ಜಿಯ ಫಲಾನುಭವಿ ಅಷ್ಟೆ.

ಎಚ್-1ಬಿ ತಾತ್ಕಾಲಿಕ ವೀಸಾ. ವರ್ಷಕ್ಕೆ 65,000, ಅಮೆರಿಕದಲ್ಲೇ ಮಾಸ್ಟರ್ಸ್ ಅಥವಾ ಅದಕ್ಕಿಂತ ಹೆಚ್ಚು ಓದಿದವರಿಗೆ ಇನ್ನೂ 20,000. ಅರ್ಜಿಗಳು ಇದಕ್ಕಿಂತ ಎಷ್ಟೋ ಪಾಲು ಹೆಚ್ಚು ಬರುವುದರಿಂದ ಲಾಟರಿ ಎತ್ತುತ್ತಾರೆ. ಸಿಕ್ಕರೆ ಮೂರು ವರ್ಷ, ಆಮೇಲೆ ಇನ್ನೊಂದು ಮೂರು ವರ್ಷ. ಆರು ವರ್ಷ ಮುಗಿದರೆ ಸಾಮಾನ್ಯವಾಗಿ ವಾಪಸ್ ಹೊರಡಬೇಕು. ಆ ಆರು ವರ್ಷದೊಳಗೆ ಕಂಪನಿ ಮನಸ್ಸು ಮಾಡಿದರೆ ಗ್ರೀನ್ ಕಾರ್ಡ್ ಪ್ರಕ್ರಿಯೆ ಶುರುವಾಗುತ್ತದೆ. ಅದರಲ್ಲಿ ಮೂರು ಹೆಜ್ಜೆ.

ಮೊದಲನೆಯದು ‘ಪರ್ಮ್’. ಇದು ಕಾರ್ಮಿಕ ಇಲಾಖೆಯ ಕೆಲಸ. ಈ ಹುದ್ದೆಗೆ ಅರ್ಹತೆ ಇರುವ, ಬರಲು ತಯಾರಿರುವ ಅಮೆರಿಕನ್ ಕೆಲಸಗಾರ ಸಿಗಲಿಲ್ಲ ಅಂತ ಕಂಪನಿ ತೋರಿಸಬೇಕು. ಅದಕ್ಕಾಗಿ ಜಾಹೀರಾತು ಕೊಡಬೇಕು. ಎರಡು ಭಾನುವಾರ ಪತ್ರಿಕೆಯಲ್ಲಿ ಜಾಹೀರಾತು ಬರಬೇಕು ಎನ್ನುವ ಹಳೇ ಕಾಲದ ನಿಯಮವೂ ಇದರಲ್ಲಿದೆ. ಎಲ್ಲ ನೇಮಕಾತಿ ವೆಬ್‌ಸೈಟಿನಲ್ಲೇ ಮಾಡುವ ಕಂಪನಿಗಳು ಈ ಹುದ್ದೆಗಳಿಗೆ ಮಾತ್ರ ‘ಅಂಚೆಯಲ್ಲಿ ಅರ್ಜಿ ಕಳಿಸಿ’ ಅಂದಿದ್ದೂ ಉಂಟು. ಅಮೆರಿಕದ ನ್ಯಾಯ ಇಲಾಖೆ ಇದೇ ವಿಷಯಕ್ಕೆ ಫೇಸ್‌ಬುಕ್ ಮೇಲೆ 2020ರಲ್ಲಿ ದಾವೆ ಹೂಡಿತು. 2021ರಲ್ಲಿ 1.425 ಕೋಟಿ ಡಾಲರ್‌ವರೆಗಿನ ಒಪ್ಪಂದದಲ್ಲಿ ಅದು ಮುಗಿಯಿತು. 2023ರಲ್ಲಿ ಆ್ಯಪಲ್ 2.5 ಕೋಟಿ ಡಾಲರ್‌ವರೆಗೆ ಕೊಡಲು ಒಪ್ಪಿತು. ಅಲ್ಲಿನ ಕೆಲಸಗಾರರು ‘ನಮ್ಮನ್ನು ಬೇಕಂತಲೇ ದೂರ ಇಡ್ತಾರೆ’ ಅಂತ ಕೋಪ ಮಾಡಿಕೊಳ್ಳುವುದಕ್ಕೆ ಕಾರಣಗಳು ಇಲ್ಲದಿಲ್ಲ.

ಎರಡನೆಯದು ‘ಐ-140’. ಇದನ್ನು ವಲಸೆ ಇಲಾಖೆ ನೋಡುತ್ತದೆ. ಕಂಪನಿಗೆ ಆ ಸಂಬಳ ಕೊಡುವ ಶಕ್ತಿ ಇದೆಯಾ, ವ್ಯಕ್ತಿಗೆ ಆ ಅರ್ಹತೆ ಇದೆಯಾ ಅಂತ ಪರಿಶೀಲನೆ. ಹೆಚ್ಚುವರಿ ಶುಲ್ಕ ಕಟ್ಟಿದರೆ ಕೆಲವೇ ವಾರಗಳಲ್ಲಿ ಉತ್ತರ ಬರುತ್ತದೆ.

ಮೂರನೆಯದು ‘ಐ-485’. ಇದು ಮಾತ್ರ ಕೆಲಸಗಾರನದೇ ಅರ್ಜಿ. ವೈದ್ಯಕೀಯ ತಪಾಸಣೆ, ಬೆರಳಚ್ಚು, ಬೇಕಿದ್ದರೆ ಸಂದರ್ಶನ, ಆಮೇಲೆ ಕಾರ್ಡ್. ಇದನ್ನು ಹಾಕೋಕೆ ನಿಮ್ಮ ಸರದಿ ಬಂದಿರಬೇಕು. ಎರಡನೇ ಮತ್ತು ಮೂರನೇ ಹೆಜ್ಜೆಯ ನಡುವೆ ಭಾರತದಲ್ಲಿ ಹುಟ್ಟಿದವರಿಗೆ ಒಂದು ದಶಕಕ್ಕಿಂತ ದೊಡ್ಡ ಕಂದಕ ಇದೆ. ಪರ್ಮ್ ಅರ್ಜಿ ಸಲ್ಲಿಸಿದ ದಿನವೇ ಸಾಮಾನ್ಯವಾಗಿ ನಿಮ್ಮ ‘ಪ್ರಿಯಾರಿಟಿ ಡೇಟ್’. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಟೋಕನ್ ನಂಬರ್.

ಏಳು ಪರ್ಸೆಂಟಿನ ಲೆಕ್ಕ

ಕಂದಕ ಹುಟ್ಟಿದ್ದು ಹೇಗೆ? ಇದಕ್ಕೆ ಹೈಸ್ಕೂಲ್ ಗಣಿತ ಸಾಕು.

1990ರ ವಲಸೆ ಕಾನೂನಿಗೆ ಅಧ್ಯಕ್ಷ ಜಾರ್ಜ್ ಎಚ್.ಡಬ್ಲ್ಯೂ. ಬುಷ್ ಸಹಿ ಹಾಕಿದರು. ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000 ಅಂತ ಅದರಲ್ಲಿ ನಿಗದಿಯಾಯಿತು. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಇದರಲ್ಲಿ ಶೇ. 7ಕ್ಕಿಂತ ಹೆಚ್ಚು ಹೋಗಬಾರದು ಅಂತಲೂ ಬಂತು. 1,40,000ದ ಶೇ. 7 ಅಂದ್ರೆ 9,800. ಇಬಿ-2ಕ್ಕೆ, ಅಂದ್ರೆ ಮಾಸ್ಟರ್ಸ್ ಮಟ್ಟದ ಹುದ್ದೆಗಳ ವರ್ಗಕ್ಕೆ, ಒಟ್ಟು ಸುಮಾರು 40,000 ಕಾರ್ಡ್. ಅದರ ಶೇ. 7 ಅಂದ್ರೆ 2,800.

ಈ 2,800ರಲ್ಲಿ ಗಂಡ ಅಥವಾ ಹೆಂಡತಿ, ಮಕ್ಕಳು ಎಲ್ಲರೂ ಸೇರಿದ್ದಾರೆ. ಮೂರು ಜನರ ಕುಟುಂಬ ಅಂತ ಹಿಡಿದರೆ ಕೆಲಸಗಾರರ ಸಂಖ್ಯೆ ಒಂದು ಸಾವಿರವೂ ಆಗುವುದಿಲ್ಲ. ಬೆಂಗಳೂರಿನ ಒಂದು ದೊಡ್ಡ ಇಂಜಿನಿಯರಿಂಗ್ ಕಾಲೇಜಿನಿಂದ ಒಂದೇ ವರ್ಷ ಹೊರಬರುವವರ ಸಂಖ್ಯೆ ಅಷ್ಟಿರುತ್ತದೆ. ಇಡೀ ಭಾರತಕ್ಕೆ ಒಂದು ಕಾಲೇಜು ಬ್ಯಾಚು!

ಒಂದು ವಿನಾಯಿತಿ ಇದೆ. ಬೇರೆ ದೇಶದವರು ಬಳಸದೆ ಉಳಿದ ಕಾರ್ಡುಗಳು ಹೆಚ್ಚು ಕಾಲ ಕಾದವರಿಗೆ ಹೋಗುತ್ತವೆ. ಮೊದಲೆಲ್ಲ ಭಾರತದ ಸಾಲು ಸ್ವಲ್ಪವಾದರೂ ಸರಿಯುತ್ತಿದ್ದದ್ದು ಹೀಗೆ ಸೋರಿ ಬಂದ ನೀರಿನಿಂದ. ಕೋವಿಡ್ ವರ್ಷದಲ್ಲಿ ಕುಟುಂಬ ಆಧಾರಿತ ವೀಸಾಗಳು ಬಳಕೆಯಾಗದೆ ಉಳಿದವು. ಅವು ಈ ಕಡೆ ಬಂದು 2021 ಮತ್ತು 2022ರ ಆರ್ಥಿಕ ವರ್ಷಗಳಲ್ಲಿ ಉದ್ಯೋಗ ಆಧಾರಿತ ಮಿತಿ ಎರಡೂವರೆ ಲಕ್ಷ ದಾಟಿತು. ಆಮೇಲೆ ಉಳಿದ ದೇಶಗಳ ಇಬಿ-2 ಸಾಲೂ ಉದ್ದವಾಯಿತು. 2025ರಲ್ಲಿ ಅವರಿಗೇ ಸುಮಾರು ಎರಡು ವರ್ಷ ಕಾಯುವಿಕೆ ಇತ್ತು. ಹಾಗಾಗಿ ಮೇಲಿನ ಕೆರೆಯೇ ತುಂಬಲಿಲ್ಲ, ಕೆಳಗಿನ ಗದ್ದೆಗೆ ನೀರು ಎಲ್ಲಿಂದ ಬರಬೇಕಿತ್ತು?

ಕೇಟೋ ಇನ್‌ಸ್ಟಿಟ್ಯೂಟ್ ಎಂಬ ಚಿಂತಕರ ಸಂಸ್ಥೆಯ ಡೇವಿಡ್ ಬಿಯರ್ 2023ರಲ್ಲಿ ಒಂದು ಲೆಕ್ಕ ಕೊಟ್ಟರು. ಉದ್ಯೋಗ ಆಧಾರಿತ ಸಾಲಿನಲ್ಲಿ ಒಟ್ಟು 18 ಲಕ್ಷ ಜನ, ಅವರಲ್ಲಿ ಸುಮಾರು 11 ಲಕ್ಷ ಭಾರತೀಯರು. ಹೊಸದಾಗಿ ಸಾಲಿಗೆ ಸೇರುವ ಭಾರತೀಯರಿಗೆ ಕಾಯುವಿಕೆ 134 ವರ್ಷ. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಕಾರ್ಡ್ ಸಿಗುವ ಮೊದಲೇ ತೀರಿಕೊಳ್ಳುತ್ತಾರೆ ಅನ್ನುವುದು ಅವರ ಅಂದಾಜು. ನೂರಾ ಮೂವತ್ನಾಲ್ಕು ವರ್ಷ ಯಾರೂ ಕಾಯುವುದಿಲ್ಲ, ನಡುವೆ ಜನ ಬಿಟ್ಟು ಹೋಗುತ್ತಾರೆ, ಕಾನೂನು ಬದಲಾಗಬಹುದು. ಆದರೆ ಇವತ್ತಿನ ನಿಯಮ ಹೀಗೇ ಇದ್ದರೆ ಸಾಲು ಎಷ್ಟು ಉದ್ದ ಅಂತ ಆ ಸಂಖ್ಯೆ ಹೇಳುತ್ತದೆ. ಇಷ್ಟು ಉದ್ದದ ಸಾಲಿಗೆ ಸಾಲು ಅಂತ ಕರೆಯುವುದೇ ತಪ್ಪು.

ಪಾಸ್‌ಪೋರ್ಟ್ ಅಲ್ಲ, ಹೆರಿಗೆ ಆಸ್ಪತ್ರೆ

ಇಲ್ಲಿ ಇನ್ನೊಂದು ವಿಚಿತ್ರ ಇದೆ. ಶೇ. 7ರ ಮಿತಿ ಪೌರತ್ವ ನೋಡುವುದಿಲ್ಲ, ಹುಟ್ಟಿದ ಜಾಗ ನೋಡುತ್ತದೆ. ನೀವು ಹಾಸನದಲ್ಲಿ ಹುಟ್ಟಿ, ಕೆನಡಾಕ್ಕೆ ಹೋಗಿ, ಕೆನಡಾದ ಪ್ರಜೆಯೇ ಆಗಿದ್ದರೂ ಭಾರತದ ಸಾಲಿನಲ್ಲೇ ನಿಲ್ಲಬೇಕು.

ಗಂಡ ಹೆಂಡತಿಯಲ್ಲಿ ಒಬ್ಬರು ಬೇರೆ ದೇಶದಲ್ಲಿ ಹುಟ್ಟಿದ್ದರೆ ಇಬ್ಬರೂ ಆ ದೇಶದ ಸಾಲು ಬಳಸಬಹುದು. ಕರಾವಳಿಯವರಿಗೆ ಇದು ಚೆನ್ನಾಗಿ ಗೊತ್ತು. ಉಡುಪಿ, ಮಂಗಳೂರು ಕಡೆಯ ಎಷ್ಟೋ ಕುಟುಂಬಗಳು ಕೊಲ್ಲಿ ದೇಶಗಳಲ್ಲಿ ದುಡಿದವು. ಮಕ್ಕಳು ಕುವೈತ್‌ನಲ್ಲೋ ಮಸ್ಕತ್‌ನಲ್ಲೋ ಹುಟ್ಟಿದರು. ಅಪ್ಪನ ಕೆಲಸ ಮುಗಿದ ಮೇಲೆ ಊರಿಗೆ ಬಂದು ಇಲ್ಲೇ ಓದಿದರು. ಕುವೈತ್ ಅವರಿಗೆ ಯಾವತ್ತೂ ಪೌರತ್ವ ಕೊಡಲಿಲ್ಲ. ಆದರೆ ಅಮೆರಿಕದ ಲೆಕ್ಕದಲ್ಲಿ ಅವರು ಕುವೈತ್‌ನವರು. ಒಂದೇ ಕ್ಲಾಸು, ಒಂದೇ ಕಂಪನಿ, ಒಂದೇ ದಿನ ಅರ್ಜಿ. ಒಬ್ಬನಿಗೆ ಕೆಲವು ವರ್ಷದಲ್ಲಿ ಕಾರ್ಡ್, ಇನ್ನೊಬ್ಬನಿಗೆ ಅವನ ಜೀವಮಾನದಲ್ಲಿ ಅನುಮಾನ. ವ್ಯತ್ಯಾಸ ಇರುವುದು ಅಮ್ಮನ ಹೆರಿಗೆ ಎಲ್ಲಾಯಿತು ಅನ್ನುವುದರಲ್ಲಿ ಮಾತ್ರ.

ಸುಮಾರು ನಾಲ್ಕು ಲಕ್ಷ ಜನ ಇರುವ ಐಸ್‌ಲ್ಯಾಂಡ್‌ಗೂ 140 ಕೋಟಿ ದಾಟಿದ ಭಾರತಕ್ಕೂ ಒಂದೇ ಮಿತಿ. ಕಾಗದದ ಮೇಲೆ ಇದು ಸಮಾನತೆ.

ಈ ಸಮಾನತೆಯ ಹಿಂದಿನ ಕತೆ

ಹಾಗಂತ ಈ ಮಿತಿಯನ್ನು ಭಾರತೀಯರ ವಿರುದ್ಧ ಮಾಡಿದ ಪಿತೂರಿ ಅಂತ ಹೇಳಿದರೆ ಇತಿಹಾಸಕ್ಕೆ ಅನ್ಯಾಯವಾಗುತ್ತದೆ.

1917ರ ಕಾನೂನು ಏಷ್ಯಾದ ಬಹುಭಾಗವನ್ನು ‘ನಿರ್ಬಂಧಿತ ವಲಯ’ ಮಾಡಿ ಭಾರತೀಯರಿಗೂ ಬಾಗಿಲು ಮುಚ್ಚಿತು. 1923ರಲ್ಲಿ ಭಗತ್ ಸಿಂಗ್ ತಿಂಡ್ ಪ್ರಕರಣ ಬಂತು. ಪಂಜಾಬಿನಿಂದ ಹೋಗಿ, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆ ಮಾಡಿದವರು ಅವರು. ಆಗ ಪೌರತ್ವ ಕೊಡುತ್ತಿದ್ದದ್ದು ‘ಬಿಳಿಯರಿಗೆ’ ಮತ್ತು ಆಫ್ರಿಕನ್ ಮೂಲದವರಿಗೆ ಮಾತ್ರ. ತಾನು ಮೇಲ್ಜಾತಿಯ ಆರ್ಯ, ಆದ್ದರಿಂದ ಬಿಳಿಯನೇ ಅಂತ ತಿಂಡ್ ಪರವಾಗಿ ವಾದ ಮಂಡನೆಯಾಯಿತು. ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಜಾತಿಯ ಏಣಿ ಹಿಡಿದು ಜನಾಂಗದ ಗೋಡೆ ಹತ್ತಲು ಮಾಡಿದ ಪ್ರಯತ್ನ ಅದು. ಏಣಿ ಅಲ್ಲಿ ನಿಲ್ಲಲಿಲ್ಲ.

1924ರ ಕಾನೂನು ಉತ್ತರ ಮತ್ತು ಪಶ್ಚಿಮ ಯುರೋಪಿನವರಿಗೆ ದೊಡ್ಡ ಕೋಟಾ ಇಟ್ಟಿತು. 1946ರಲ್ಲಿ ಲೂಸ್-ಸೆಲ್ಲರ್ ಕಾಯ್ದೆ ಬಂದಾಗ ಭಾರತೀಯರಿಗೆ ಪೌರತ್ವದ ಹಕ್ಕು ಸಿಕ್ಕಿತು, ಜೊತೆಗೆ ವರ್ಷಕ್ಕೆ 100 ಜನರ ಕೋಟಾ. ಹೌದು, ನೂರು. ಈ ಕಾಯ್ದೆಯಿಂದ ಪೌರತ್ವ ಪಡೆದ ದಲೀಪ್ ಸಿಂಗ್ ಸೌಂಡ್ ಅವರೇ 1956ರಲ್ಲಿ ಅಮೆರಿಕದ ಕಾಂಗ್ರೆಸ್‌ಗೆ ಆಯ್ಕೆಯಾದರು.

1965ರಲ್ಲಿ ನಾಗರಿಕ ಹಕ್ಕುಗಳ ಚಳವಳಿಯ ಬಿಸಿಯಲ್ಲೇ ಹೊಸ ವಲಸೆ ಕಾನೂನು ಬಂತು. ಅಧ್ಯಕ್ಷ ಲಿಂಡನ್ ಜಾನ್ಸನ್ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಕೂತು ಸಹಿ ಹಾಕಿದರು. ಜನಾಂಗೀಯ ಕೋಟಾ ರದ್ದಾಯಿತು. ‘ಇನ್ನು ಮುಂದೆ ಯಾವ ದೇಶಕ್ಕೂ ವಿಶೇಷ ಇಲ್ಲ, ಎಲ್ಲರಿಗೂ ಒಂದೇ ಮಿತಿ’ ಅನ್ನುವ ತತ್ವ ಬಂದದ್ದು ಅಲ್ಲಿಂದ. ಅಂದ್ರೆ ಇವತ್ತು ಭಾರತೀಯರ ಕುತ್ತಿಗೆ ಹಿಡಿದಿರುವ ನಿಯಮದ ಬೇರು ಭಾರತೀಯರಿಗೆ ಬಾಗಿಲು ತೆರೆದ ಕಾನೂನಿನಲ್ಲೇ ಇದೆ. ಅಮೆರಿಕದ ಕರಿಯರು ಬೀದಿಯಲ್ಲಿ ಹೋರಾಡದಿದ್ದರೆ ಈ ಬಾಗಿಲು ಯಾವಾಗ ತೆರೆಯುತ್ತಿತ್ತೋ ಏನೋ. ಇದನ್ನು ಅಲ್ಲಿ ಮನೆ ಕಟ್ಟಿಕೊಂಡವರು ಮರೆಯಬಾರದು ಅಂತ ನನ್ನ ಅಭಿಪ್ರಾಯ.

ಕಾಯುವುದು ಅಂದರೆ ಏನು?

‘ಕಾರ್ಡ್ ಇಲ್ದಿದ್ರೆ ಏನಾಯ್ತು, ಸಂಬಳ ಬರ್ತಿದೆ ತಾನೆ’ ಅಂತ ನಾನೂ ಕೇಳಿದ್ದಿದೆ. 2000ರಲ್ಲಿ ಬಂದ ಒಂದು ಕಾನೂನಿನಿಂದಾಗಿ ಐ-140 ಮಂಜೂರಾದವರು ಆರು ವರ್ಷದ ನಂತರವೂ ಮೂರು ಮೂರು ವರ್ಷಕ್ಕೆ ಎಚ್-1ಬಿ ನವೀಕರಿಸಿಕೊಳ್ಳಬಹುದು. ಹಾಗಾಗಿ ಅಲ್ಲೇ ಇರಬಹುದು, ನಿಜ. ಆದರೆ ಹೇಗೆ?

ಕೆಲಸ ಹೋದರೆ ಗರಿಷ್ಠ 60 ದಿನ. ಅಷ್ಟರಲ್ಲಿ ಹೊಸ ಕಂಪನಿ ಅರ್ಜಿ ಹಾಕಬೇಕು, ಇಲ್ಲವೇ ಬೇರೆ ವೀಸಾಗೆ ಬದಲಾಗಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. 2022ರ ಕೊನೆಯಲ್ಲಿ ಟೆಕ್ ಕಂಪನಿಗಳು ಸಾವಿರಾರು ಜನರನ್ನು ತೆಗೆದಾಗ ನನ್ನ ಬ್ಯಾಚಿನ ಒಬ್ಬಳು ಗೋಡೆ ಕ್ಯಾಲೆಂಡರಿನಲ್ಲಿ ದಿನ ಎಣಿಸುತ್ತಿದ್ದಳು. ಹದಿಮೂರು ವರ್ಷ ತೆರಿಗೆ ಕಟ್ಟಿದ ಊರಿನಲ್ಲಿ. ‘ಕೆಲಸ ಹೋಗಿದ್ದಕ್ಕೆ ಅಳು ಬರ್ಲಿಲ್ಲ ಕಣೋ, ಮಗಳ ಸ್ಕೂಲಿಗೆ ಏನ್ ಹೇಳೋದು ಅಂತ ಯೋಚನೆ ಮಾಡಿ ಬಂತು’ ಅಂದಳು. ಐವತ್ತೊಂದನೇ ದಿನ ಅವಳಿಗೆ ಬೇರೆ ಕೆಲಸ ಸಿಕ್ಕಿತು, ಹಳೆಯದಕ್ಕಿಂತ ಕಡಿಮೆ ಸಂಬಳಕ್ಕೆ.

ಕೆಲಸ ಬದಲಿಸಿದರೆ ಹೊಸ ಕಂಪನಿ ಪರ್ಮ್, ಐ-140 ಎರಡನ್ನೂ ಮೊದಲಿಂದ ಮಾಡಬೇಕು. ಹಳೇ ಟೋಕನ್ ನಂಬರ್ ಉಳಿಯುತ್ತದೆ, ಅದೊಂದು ಸಮಾಧಾನ. ಆದರೆ ಹೊಸ ಕಂಪನಿ ಯಾವಾಗ ಶುರು ಮಾಡುತ್ತದೆ ಅನ್ನುವುದು ಅದರ ಮರ್ಜಿ. ಇಂಥ ಕೆಲಸಗಾರ ಸಂಬಳಕ್ಕೆ ಚೌಕಾಸಿ ಮಾಡುವುದು, ಮ್ಯಾನೇಜರ್ ವಿರುದ್ಧ ದೂರು ಕೊಡುವುದು ಎಷ್ಟು ಸುಲಭ ಅಂತ ಯೋಚಿಸಿ. ಸಿಯಾಟಲ್ ನಗರ 2023ರಲ್ಲಿ ಜಾತಿ ತಾರತಮ್ಯವನ್ನು ನಿಷೇಧಿಸಿತು. ಅದಾದ ಕೆಲವೇ ತಿಂಗಳಿಗೆ ಕ್ಯಾಲಿಫೋರ್ನಿಯಾದಲ್ಲಿ ಅಂಥದ್ದೇ ಮಸೂದೆಯನ್ನು ಗವರ್ನರ್ ಗ್ಯಾವಿನ್ ನ್ಯೂಸಮ್ ತಡೆದರು. ಆ ಚರ್ಚೆಯಲ್ಲಿ ಹೆಚ್ಚು ಬಾರದ ಮಾತು ಇದು: ನಿಮ್ಮ ಗ್ರೀನ್ ಕಾರ್ಡ್ ಫೈಲು ಮುಂದೆ ಹೋಗುವುದರಲ್ಲಿ ನಿಮ್ಮ ಮೇಲಿನವರ ಮಾತು ನಡೆಯುತ್ತದೆ ಅಂದಮೇಲೆ, ಅವರು ನಿಮ್ಮ ಜಾತಿ ಕೆದಕಿದರೂ ನೀವು ಬಾಯಿ ಬಿಡುವುದು ಎಷ್ಟು ಕಷ್ಟ?

ಇನ್ನು ಮಕ್ಕಳು. ಇಲ್ಲಿ ಹುಟ್ಟಿ, ಎರಡು ಮೂರು ವರ್ಷಕ್ಕೇ ಅಪ್ಪ ಅಮ್ಮನ ಜೊತೆ ಹೋದ ಮಗು ಅಲ್ಲೇ ಬೆಳೆಯುತ್ತದೆ. 21 ತುಂಬಿದರೆ ಅದು ‘ಮಗು’ ಅಲ್ಲ. ಅಪ್ಪನ ಸಾಲಿನಿಂದ ಹೊರಗೆ. ವಿದ್ಯಾರ್ಥಿ ವೀಸಾ ತಗೊಳ್ಳಬೇಕು ಅಥವಾ ದೇಶ ಬಿಡಬೇಕು. 2002ರ ಒಂದು ಕಾನೂನು ಈ ವಯಸ್ಸಿನ ಲೆಕ್ಕದಲ್ಲಿ ಸ್ವಲ್ಪ ರಿಯಾಯಿತಿ ಕೊಡುತ್ತದೆ, ಆದರೆ ಅದು ಕಳೆಯುವುದು ಐ-140 ಪರಿಶೀಲನೆಯಲ್ಲಿದ್ದ ತಿಂಗಳುಗಳನ್ನು, ಕಾದ ವರ್ಷಗಳನ್ನಲ್ಲ. ದಾಖಲೆ ಇಲ್ಲದೆ ಬಂದ ಮಕ್ಕಳಿಗೆ ಒಬಾಮ ಕಾಲದಲ್ಲಿ ಕೊಟ್ಟ ರಕ್ಷಣೆಯೂ ಇವರಿಗಿಲ್ಲ. ಯಾಕಂದ್ರೆ 2012ರ ಜೂನ್ 15ರಂದು ಕಾನೂನುಬದ್ಧ ವೀಸಾ ಇದ್ದವರಿಗೆ ಅದು ಅನ್ವಯಿಸುವುದಿಲ್ಲ. ಅಲ್ಲೇ ಹುಟ್ಟಿದ ತಂಗಿ ಅಮೆರಿಕದ ಪ್ರಜೆ, ಇಲ್ಲಿ ಹುಟ್ಟಿದ ಅಣ್ಣ ಪರದೇಶಿ. ಒಂದೇ ಊಟದ ಮೇಜು.

ಹಾಗಾದರೆ ಮಿತಿ ತೆಗೆದರೆ ಆಯ್ತಾ?

2019ರ ಜುಲೈನಲ್ಲಿ ಅಮೆರಿಕದ ಕೆಳಮನೆ ದೇಶವಾರು ಮಿತಿ ತೆಗೆಯುವ ಮಸೂದೆಯನ್ನು 365-65 ಮತಗಳಿಂದ ಪಾಸು ಮಾಡಿತು. ಎರಡೂ ಪಕ್ಷದವರು ಒಪ್ಪಿದ ಅಪರೂಪದ ಮಸೂದೆ. 2020ರ ಡಿಸೆಂಬರ್‌ನಲ್ಲಿ ಸೆನೆಟ್ ತನ್ನದೇ ಬೇರೆ ರೂಪವನ್ನು ಪಾಸು ಮಾಡಿತು. ಎರಡನ್ನೂ ಹೊಂದಿಸುವ ಮೊದಲೇ ಆ ಕಾಂಗ್ರೆಸ್‌ನ ಅವಧಿ ಮುಗಿದು ಎರಡೂ ಬಿದ್ದುಹೋದವು.

ವಿರೋಧಿಸಿದವರ ವಾದದಲ್ಲೂ ಹುರುಳಿದೆ. ಒಟ್ಟು ಸಂಖ್ಯೆ 1,40,000ದಲ್ಲೇ ಇಟ್ಟು ದೇಶವಾರು ಮಿತಿ ಮಾತ್ರ ತೆಗೆದರೆ, ಮುಂದಿನ ಎಷ್ಟೋ ವರ್ಷ ಹೆಚ್ಚಿನ ಕಾರ್ಡುಗಳು ಭಾರತೀಯ ಐಟಿ ಕೆಲಸಗಾರರಿಗೇ ಹೋಗುತ್ತವೆ. ಇಬಿ-3ರಲ್ಲಿ ಬರುವ ಫಿಲಿಪ್ಪೀನ್ಸ್‌ನ ನರ್ಸ್, ಆಫ್ರಿಕಾದ ಸಂಶೋಧಕಿ ನಮ್ಮ ಹಿಂದೆ ನಿಲ್ಲಬೇಕು. ನಮ್ಮ ಅನ್ಯಾಯವನ್ನು ಅವರಿಗೆ ದಾಟಿಸಿದ ಹಾಗೆ.

ನನ್ನ ದೃಷ್ಟಿಯಲ್ಲಿ ನಿಜವಾದ ಗಂಟು ಶೇ. 7 ಅಲ್ಲ, 1,40,000. ಇಂಟರ್ನೆಟ್ ಮನೆಮನೆಗೆ ಬರುವ ಮೊದಲು, 1990ರಲ್ಲಿ ಬರೆದ ಸಂಖ್ಯೆ ಅದು. ಅಮೆರಿಕದ ಆರ್ಥಿಕತೆ ಎಷ್ಟು ಪಟ್ಟು ಬೆಳೆದರೂ ಅದು ಬದಲಾಗಿಲ್ಲ. ಗಂಡ, ಹೆಂಡತಿ, ಮಕ್ಕಳನ್ನು ಲೆಕ್ಕದಿಂದ ಬಿಟ್ಟರೆ ಸಾಕು, ಯಾರ ಪಾಲನ್ನೂ ಕಸಿಯದೆ ಸಾಲು ಈಗಿನದಕ್ಕಿಂತ ಎಷ್ಟೋ ಬೇಗ ಸರಿಯುತ್ತದೆ. ಇಂಥ ಪ್ರಸ್ತಾಪ ಬಂದಿದೆ, ಕಾನೂನಾಗಿಲ್ಲ. ಬದಲಿಗೆ ಬಂದದ್ದು 2025ರ ಸೆಪ್ಟೆಂಬರ್ 19ರ ಟ್ರಂಪ್ ಘೋಷಣೆ: ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್. ಬಾಗಿಲಿನ ಬದಲು ಗೇಟಿಗೇ ಬೀಗ.

ಸಾಲೇ ಇಲ್ಲದವರು

2025ರ ಫೆಬ್ರವರಿಯಲ್ಲಿ ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು ಕೈಕೋಳ ಹಾಕಿ ಅಮೃತಸರಕ್ಕೆ ತಂದು ಇಳಿಸಿತು. ಆಗ ನಮ್ಮ ಗ್ರೂಪಿನಲ್ಲೇ ಒಬ್ಬ ‘ನಾವು ಲೀಗಲ್ ಆಗಿ ಇಷ್ಟು ವರ್ಷ ಕಾಯ್ತಿದೀವಿ, ಇವರು ಸಾಲು ಮುರಿದು ನುಗ್ಗಿದ್ರೆ ಇನ್ನೇನಾಗುತ್ತೆ?’ ಅಂತ ಬರೆದ. ನಾಲ್ಕೈದು ಜನ ಹೆಬ್ಬೆರಳು ಎತ್ತಿದರು.

ನನ್ನ ತಕರಾರು ಇರುವುದು ಇಲ್ಲಿ. ಅವರು ಯಾವ ಸಾಲು ಮುರಿದರು? ಪದವಿ ಇಲ್ಲದ, ಟ್ರಕ್ ಓಡಿಸುವ ಅಥವಾ ಹೊಲದಲ್ಲಿ ದುಡಿಯುವ ಪಂಜಾಬಿನ ಹುಡುಗನಿಗೆ ಎಚ್-1ಬಿ ಇಲ್ಲ. ಕೌಶಲ ಬೇಡದ ಕೆಲಸಗಳಿಗೆ ಇರುವ ಗ್ರೀನ್ ಕಾರ್ಡ್ ಇಡೀ ಜಗತ್ತಿಗೆ ವರ್ಷಕ್ಕೆ 10,000 ಮೀರುವುದಿಲ್ಲ. ಅಲ್ಲಿ ಅಣ್ಣನೋ ಅಕ್ಕನೋ ಪ್ರಜೆಯಾಗಿದ್ದರೆ ಅವರು ಅರ್ಜಿ ಹಾಕಬಹುದು. 2025ರಲ್ಲಿ ಆ ಸಾಲಿನಲ್ಲಿ ಭಾರತದ ದಿನಾಂಕ 2006. ವರ್ಷಕ್ಕೊಮ್ಮೆ ನಡೆಯುವ ಗ್ರೀನ್ ಕಾರ್ಡ್ ಲಾಟರಿಯಲ್ಲಿ ಭಾರತದಲ್ಲಿ ಹುಟ್ಟಿದವರಿಗೆ ಪ್ರವೇಶವೇ ಇಲ್ಲ. ಅಂದ್ರೆ ಬಡವನಿಗೆ ಮುರಿಯೋಕೆ ಸಾಲೇ ಇಲ್ಲ. 134 ವರ್ಷದ ಸಾಲಿಗೂ ಇಲ್ಲದ ಸಾಲಿಗೂ ಇರುವ ಅಂತರ ಎಷ್ಟು ಅಂತ ಮೊದಲನೆಯದರಲ್ಲಿ ನಿಂತವರು ಯೋಚಿಸಬೇಕು.

ಇನ್ನೊಂದು ಮಾತು. ನನ್ನ ಕ್ಲಾಸಿನಲ್ಲಿ ಮೀಸಲಾತಿ ಬಗ್ಗೆ ಜಗಳ ನಡೆಯದ ಸೆಮಿಸ್ಟರ್ ಇರಲಿಲ್ಲ. ‘ಹುಟ್ಟಿನಿಂದ ಯಾಕೆ ಅಳೀಬೇಕು, ಮೆರಿಟ್ ನೋಡಿ’ ಅಂದವರಲ್ಲಿ ಹಲವರು ಇವತ್ತು ಹುಟ್ಟಿದ ಜಾಗ ನೋಡುವ ಸಾಲಿನಲ್ಲಿದ್ದಾರೆ. ಅವರ ಕೋಪ ನ್ಯಾಯವಾದದ್ದೇ. ಆದರೆ ಹುಟ್ಟಿನ ಲೆಕ್ಕ ಎರಡು ಥರ ಇರುತ್ತದೆ. ಮೀಸಲಾತಿ ಹುಟ್ಟನ್ನು ನೋಡುವುದು ಹುಟ್ಟಿನ ಕಾರಣಕ್ಕೇ ಹೊರಗಿಟ್ಟವರನ್ನು ಒಳಗೆ ತರಲು. ಶೇ. 7ರ ಮಿತಿ ಯಾರ ಹಿಂದಿನ ಅನ್ಯಾಯವನ್ನೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ, ಎಲ್ಲರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸುತ್ತದೆ. ಎಲ್ಲರಿಗೂ ಒಂದೇ ನಿಯಮ ಇಟ್ಟರೆ ಅನ್ಯಾಯ ಆಗುವುದು ಹೇಗೆ ಅಂತ ನನ್ನ ಗೆಳೆಯರಿಗೆ ಈಗ ಯಾರೂ ಹೇಳಿಕೊಡಬೇಕಿಲ್ಲ. ಅದನ್ನು ಇಲ್ಲಿಗೂ ಅನ್ವಯಿಸಿ ನೋಡುತ್ತಾರಾ ಅನ್ನುವುದಷ್ಟೇ ಪ್ರಶ್ನೆ.

ಬೇರೆ ದಾರಿ, ಬೇರೆ ಬೆಲೆ

ಕೆನಡಾ 2015ರಲ್ಲಿ ‘ಎಕ್ಸ್‌ಪ್ರೆಸ್ ಎಂಟ್ರಿ’ ತಂದಿತು. ವಯಸ್ಸು, ಓದು, ಭಾಷೆ, ಅನುಭವ ಮೊದಲಾದವಕ್ಕೆ ಒಟ್ಟು 1,200 ಅಂಕ. ದೇಶವಾರು ಮಿತಿ ಇಲ್ಲ, ಅರ್ಜಿ ನಿಮ್ಮದೇ. ಅಮೆರಿಕದ ಸಾಲು ಬಿಟ್ಟು ಅಲ್ಲಿಗೆ ಹೋದವರು ನನಗೇ ಇಬ್ಬರು ಗೊತ್ತು. ಆದರೆ ಅಲ್ಲಿ 29 ದಾಟಿದ ಮೇಲೆ ಪ್ರತಿ ಹುಟ್ಟುಹಬ್ಬಕ್ಕೂ ಅಂಕ ಕಡಿಮೆಯಾಗುತ್ತದೆ, 45ಕ್ಕೆ ವಯಸ್ಸಿನ ಅಂಕ ಸೊನ್ನೆ. ಜೊತೆಗೆ 2024ರ ಅಕ್ಟೋಬರ್‌ನಲ್ಲಿ ಕೆನಡಾ ಸರ್ಕಾರ 2025ರ ಶಾಶ್ವತ ನಿವಾಸಿಗಳ ಗುರಿಯನ್ನು 5 ಲಕ್ಷದಿಂದ 3,95,000ಕ್ಕೆ ಇಳಿಸಿತು. ಮನೆ ಬಾಡಿಗೆ ಏರಿದರೆ ಬೈಗುಳ ಮೊದಲು ಬೀಳುವುದು ವಲಸಿಗರ ಮೇಲೆ. ಈ ವಿಷಯದಲ್ಲಿ ಟೊರಾಂಟೊಗೂ ಬೆಂಗಳೂರಿಗೂ ದೊಡ್ಡ ವ್ಯತ್ಯಾಸ ಇಲ್ಲ.

ಕಾರ್ಡ್ ಸಿಕ್ಕಿದರೆ ಎಲ್ಲ ಮುಗಿಯಿತು ಅಂತಲೂ ಅಲ್ಲ. ಮಹಮೂದ್ ಖಲೀಲ್ ಗ್ರೀನ್ ಕಾರ್ಡ್ ಇದ್ದವರು. ಪ್ಯಾಲೆಸ್ಟೈನ್ ಪರ ಪ್ರತಿಭಟನೆಯಲ್ಲಿ ಮುಂದಿದ್ದ ಅವರನ್ನು 2025ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಬಂಧಿಸಿದರು, ಜೂನ್‌ವರೆಗೆ ಬಿಡಲಿಲ್ಲ. ‘ಪರ್ಮನೆಂಟ್’ ಅನ್ನುವ ಪದದ ಕೆಳಗೆ ಷರತ್ತುಗಳು ಸಣ್ಣಕ್ಷರದಲ್ಲಿ ಇರುತ್ತವೆ. ಐದು ವರ್ಷದ ನಂತರ ಪೌರತ್ವಕ್ಕೆ ಅರ್ಜಿ ಹಾಕಬಹುದು. ಪಡೆದರೆ ಭಾರತದ ಪೌರತ್ವ ಹೋಗುತ್ತದೆ, ಯಾಕಂದ್ರೆ ನಮ್ಮಲ್ಲಿ ಎರಡು ಪೌರತ್ವ ಇಲ್ಲ. ಒಸಿಐ ಕಾರ್ಡ್ ಸಿಗುತ್ತದೆ, ಮತದಾನದ ಹಕ್ಕು ಸಿಗುವುದಿಲ್ಲ. ಸಾಲಿನಲ್ಲಿ ನಿಂತಿರುವವರಿಗೆ ಭಾರತದಲ್ಲಿ ಮತ ಇದೆ. ಆದರೆ 2010ರ ತಿದ್ದುಪಡಿ ಪ್ರಕಾರ ಮತಗಟ್ಟೆಗೇ ಬಂದು ಹಾಕಬೇಕು. ಅಲ್ಲಿ ತೆರಿಗೆ ಕಟ್ಟುತ್ತಾರೆ, ಮತ ಇಲ್ಲ. ಇಲ್ಲಿ ಮತ ಇದೆ, ವಿಮಾನದ ಟಿಕೆಟ್ ಬೇಕು.

ನಮ್ಮ ಮನೆಯ ಸಾಲು

ಕೊನೆಗೆ ನಮ್ಮ ಕಡೆಗೂ ನೋಡಬೇಕು. ಭಾರತ ಯಾರಿಗೆ ಶಾಶ್ವತ ವಾಸ ಕೊಡುತ್ತದೆ? 2016ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆ ವಿದೇಶಿ ಹೂಡಿಕೆದಾರರಿಗೆ. ಹದಿನೆಂಟು ತಿಂಗಳಲ್ಲಿ ಕನಿಷ್ಠ 10 ಕೋಟಿ ರೂಪಾಯಿ ಹಾಕಿದವರಿಗೆ.

ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ ಟಿಬೆಟಿಯನ್ನರು 1960ರ ದಶಕದ ಆರಂಭದಿಂದ ಇದ್ದಾರೆ. ಕಾಡು ಕಡಿದು ಜೋಳ ಬೆಳೆದರು, ಅವರ ಮೊಮ್ಮಕ್ಕಳು ಕನ್ನಡ ಮಾತಾಡುತ್ತಾರೆ. ಅವರಲ್ಲಿ ಬಹಳ ಜನರ ಕೈಯಲ್ಲಿ ಇವತ್ತಿಗೂ ಇರುವುದು ಕಾಲಕಾಲಕ್ಕೆ ನವೀಕರಿಸಬೇಕಾದ ವಿದೇಶಿಯರ ನೋಂದಣಿ ಪತ್ರ. 1950ರ ಜನವರಿ 26ರಿಂದ 1987ರ ಜುಲೈ 1ರ ನಡುವೆ ಇಲ್ಲಿ ಹುಟ್ಟಿದವರು ಕಾನೂನಿನ ಪ್ರಕಾರ ಹುಟ್ಟಿನಿಂದಲೇ ಭಾರತೀಯರು. ಆ ಸರಳ ಮಾತನ್ನು ಹೇಳಿಸಿಕೊಳ್ಳಲು 2010ರಲ್ಲಿ ದೆಹಲಿ ಹೈಕೋರ್ಟ್‌ಗೆ, 2013ರಲ್ಲಿ ಕರ್ನಾಟಕ ಹೈಕೋರ್ಟ್‌ಗೆ ಹೋಗಬೇಕಾಯಿತು.

ಹಾಗಾಗಿ ಮುಂದಿನ ಸಲ ಯಾರಾದರೂ ನಾಯಕರು ವಿದೇಶದಲ್ಲಿ ನಿಂತು ‘ನಮ್ಮ ಪ್ರತಿಭೆಗೆ ಜಗತ್ತು ತಲೆಬಾಗಿದೆ’ ಅಂದಾಗ, ಆ ಸಭೆಯಲ್ಲಿ ಚಪ್ಪಾಳೆ ತಟ್ಟುವವರಲ್ಲಿ ಎಷ್ಟು ಜನ 2013ರ ಸಾಲಿನ ಹಿಂದಿದ್ದಾರೆ ಅಂತ ಕೇಳಿ. ಅದೇ ನಾಯಕರು ಊರಿಗೆ ಬಂದು ‘ನುಸುಳುಕೋರರು’ ಅಂತ ಬೆರಳು ತೋರಿಸಿದಾಗ, ಅವರಿಗೆ ನಾವು ಇಟ್ಟಿರುವ ಸಾಲು ಯಾವುದು, ಅದರ ಬುಲೆಟಿನ್ ಎಲ್ಲಿ ಪ್ರಕಟವಾಗುತ್ತದೆ ಅಂತಲೂ ಕೇಳಿ. ಅಮೆರಿಕದಲ್ಲಿ ದಿನಾಂಕ ಸರಿಯದಿದ್ದರೂ ಅದನ್ನು ತಿಂಗಳಿಗೊಮ್ಮೆ ಬರೆದು ಹಾಕುತ್ತಾರೆ. ನಮ್ಮಲ್ಲಿ ಅಷ್ಟೂ ಇಲ್ಲ.